ಎಷ್ಟು ಸಲ ದಾಳ ಹಾಕಿದಿರಿ ಸ್ವಾಮಿ?

ಚಾಕೊಲೇಟ್ ತಿಂದರೆ ತೂಕ ಬೇಗ ಇಳಿಯುತ್ತದಂತೆ! 2015ರಲ್ಲಿ ಈ ಸುದ್ದಿ ಹಲವು ದೇಶಗಳಲ್ಲಿ ಓಡಾಡಿತು. ಜರ್ಮನಿಯ ‘ಬಿಲ್ಡ್’ ಪತ್ರಿಕೆ ಮುಖಪುಟದಲ್ಲೇ ಹಾಕಿತು. ಸುದ್ದಿಯ ಹಿಂದೆ ಒಂದು ಸಂಶೋಧನಾ ಪೇಪರ್ ಇತ್ತು. ಪೇಪರಿನ ಹಿಂದೆ ನಿಜವಾಗಿಯೂ ಪ್ರಯೋಗ ನಡೆದಿತ್ತು. ಅಂಕಿಗಳೂ ಕಟ್ಟುಕಥೆಯಲ್ಲ. ಆದರೂ ಅದು ಬೇಕಂತಲೇ ತೋಡಿದ ಹಳ್ಳ. ತೋಡಿದವರು ಜಾನ್ ಬೊಹಾನನ್ ಎಂಬ ವಿಜ್ಞಾನ ಪತ್ರಕರ್ತ ಮತ್ತು ಅವರ ಜೊತೆಗಾರರು.

ಸುಳ್ಳು ಅಂಕಿ ಬರೆಯದೆ ಸುಳ್ಳು ಸುದ್ದಿ ಹುಟ್ಟಿದ್ದು ಹೇಗೆ? ಪ್ರಯೋಗ ಮುಗಿಸಿದವರು ಬರೀ 15 ಜನ. ಮೂರು ಗುಂಪು, ಮೂರು ವಾರ. ಆದರೆ ಅಳೆದದ್ದು 18 ಸಂಗತಿ: ತೂಕ, ಕೊಲೆಸ್ಟರಾಲ್, ಸೋಡಿಯಂ, ನಿದ್ದೆ, ಹೀಗೆ. ಯಾವುದಾದರೂ ಒಂದು ಎದ್ದು ಕಂಡರೆ ಸಾಕು, ಅದೇ ತಲೆಬರಹ. ಈ ಸಲ ತೂಕ ಎದ್ದು ಕಂಡಿತು. ನಿದ್ದೆ ಕಂಡಿದ್ದರೆ ‘ಚಾಕೊಲೇಟ್ ತಿನ್ನಿ, ಹಾಯಾಗಿ ಮಲಗಿ’ ಅಂತ ಓದುತ್ತಿದ್ದೆವು.

ಪೇಪರುಗಳಲ್ಲಿ ‘ಪಿ ಮೌಲ್ಯ 0.05ಕ್ಕಿಂತ ಕಡಿಮೆ’ ಅಂತ ಬರುತ್ತದಲ್ಲ (ಪರಿಣಾಮವೇ ಇಲ್ಲದಿದ್ದರೂ ಇಂಥ ಫಲಿತಾಂಶ ಬರುವ ಸಾಧ್ಯತೆಯೇ ಪಿ ಮೌಲ್ಯ), ಅದನ್ನು ನೋಡಿದ ಕೂಡಲೇ ಜನ ಕೈಮುಗಿಯುತ್ತಾರೆ. ಮಂತ್ರವೇನೋ ಎಂಬಂತೆ! ಈ ಗೆರೆ ಹೆಸರುವಾಸಿಯಾದದ್ದು ರೊನಾಲ್ಡ್ ಫಿಶರ್ 1925ರಲ್ಲಿ ಬರೆದ ಸಂಖ್ಯಾಶಾಸ್ತ್ರದ ಪುಸ್ತಕದಿಂದ. ಕಪ್ಪಿಗೆ ಮೊದಲು ಹಾಕಿದ್ದು ಹಾಲೋ ಟೀಯೋ ಅಂತ ರುಚಿ ನೋಡಿಯೇ ಹೇಳಬಲ್ಲೆ ಎಂದ ಮಹಿಳೆಯ ಕಥೆ ಬರೆದವರೂ ಇವರೇ. ಎಂಟು ಕಪ್ಪು, ನಾಲ್ಕು ಹೀಗೆ, ನಾಲ್ಕು ಹಾಗೆ. ಸುಮ್ನೆ ಊಹಿಸಿ ಎಂಟನ್ನೂ ಸರಿ ಹೇಳುವ ಸಾಧ್ಯತೆ 70ರಲ್ಲಿ ಒಂದು. ಎಷ್ಟು ಚಂದದ ಲೆಕ್ಕ! ಆದರೆ 0.05 ಎಂಬ ಗೆರೆಯನ್ನು ಫಿಶರ್ ಎಳೆದದ್ದು ಅನುಕೂಲಕ್ಕೆ. ಪ್ರಕೃತಿಯೇನೂ ಅದನ್ನು ಕೊರೆದಿಟ್ಟಿಲ್ಲ.

ಗೆರೆಯ ಅರ್ಥ ಇಷ್ಟೇ: ಪರಿಣಾಮವೇ ಇಲ್ಲದಿದ್ದರೂ ಬರೀ ಅದೃಷ್ಟದಿಂದ 20ರಲ್ಲಿ ಒಂದು ಸಲ ಇಂಥ ವ್ಯತ್ಯಾಸ ಕಾಣಬಹುದು. ಈಗ 20 ಮುಖದ ದಾಳವೊಂದನ್ನು ನೆನೆಸಿಕೊಳ್ಳಿ. ಒಂದು ಮುಖಕ್ಕೆ ಕೆಂಪು ಬಣ್ಣ. ಒಂದೇ ಸಲ ಹಾಕಿ ಕೆಂಪು ಬಿದ್ದರೆ ಆಶ್ಚರ್ಯ ಸರಿ. 18 ಸಲ ಹಾಕಿದರೆ? 0.95 ಅನ್ನು 18 ಸಲ ಗುಣಿಸಿ, ಸುಮಾರು 0.40 ಬರುತ್ತದೆ. ಅದು ಒಮ್ಮೆಯೂ ಕೆಂಪು ಬೀಳದಿರುವ ಸಾಧ್ಯತೆ. ಅಂದರೆ ಒಮ್ಮೆಯಾದರೂ ಬೀಳುವುದು ನೂರಕ್ಕೆ 60! ಅಳತೆಗಳು ಒಂದಕ್ಕೊಂದು ನಂಟಿರುವಂಥವಾದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ, ಕಥೆ ಬದಲಾಗುವುದಿಲ್ಲ. ಗೋಡೆಗೆ ಬಾಣ ಬಿಟ್ಟು, ನಾಟಿದ ಕಡೆ ಆಮೇಲೆ ಗುರಿಯ ವೃತ್ತ ಬರೆದಂತೆ. ಭವಿಷ್ಯ ಹೇಳುವವರು ಇಪ್ಪತ್ತು ಮಾತು ಎಸೆದು, ಹತ್ತಿದ ಒಂದನ್ನೇ ವರ್ಷಗಟ್ಟಲೆ ನೆನಪಿಸುತ್ತಾರಲ್ವಾ, ಹಾಗೆ. ಬಿಳಿ ಕೋಟು ಹಾಕಿಕೊಂಡರೆ ಈ ಚಾಳಿ ವಿಜ್ಞಾನ ಆಗಿಬಿಡುವುದಿಲ್ಲ.

2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಲ್ಮನ್ ಮೀನೊಂದನ್ನು ಮೆದುಳಿನ ಸ್ಕ್ಯಾನರಿನಲ್ಲಿ ಮಲಗಿಸಿದರು. ಮನುಷ್ಯರ ಫೋಟೊ ತೋರಿಸಿ, ಇವರ ಮನಸ್ಸಿನಲ್ಲಿ ಏನಿದೆ ಹೇಳು ಎಂದರು. ಮೀನಿನ ಮೆದುಳಿನ ಕೆಲವು ಚುಕ್ಕಿಗಳು ‘ಬೆಳಗಿದವು’, ಅಂದರೆ ಕೆಲಸ ಮಾಡುತ್ತಿರುವಂತೆ ಕಂಡವು! ಸಾವಿರಾರು ಚುಕ್ಕಿಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ ಕೆಲವಾದರೂ ಸುಮ್ನೆ ಬೆಳಗುತ್ತವೆ. ಎಷ್ಟು ಸಲ ಹುಡುಕಿದೆವು ಅಂತ ಲೆಕ್ಕಕ್ಕೆ ಹಿಡಿದು ಗೆರೆಯನ್ನು ಬಿಗಿ ಮಾಡಿದಾಗ ಎಲ್ಲ ಆರಿಹೋಯಿತು. 2012ರಲ್ಲಿ ಈ ಕೆಲಸಕ್ಕೆ ಇಗ್ ನೊಬೆಲ್ ಸಿಕ್ಕಿತು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ತಮಾಷೆಯ ಬಹುಮಾನ ಅದು.

ಅದಕ್ಕೇ ನಾನು ಪೇಪರಿನ ಸಾರಾಂಶವನ್ನು ಕೊನೆಗೆ ಓದುತ್ತೇನೆ. ಮೊದಲು ವಿಧಾನದ ಭಾಗ, ಆಮೇಲೆ ಕೋಷ್ಟಕ. ಕೋಷ್ಟಕದ ಸಾಲುಗಳನ್ನು ಬೆರಳಿಟ್ಟು ಎಣಿಸುತ್ತೇನೆ. ಏನನ್ನು ಅಳೆಯುತ್ತೇವೆ ಅಂತ ಪ್ರಯೋಗಕ್ಕೆ ಮೊದಲೇ ನೋಂದಾಯಿಸಿದ್ದಾರಾ ನೋಡುತ್ತೇನೆ. ಇದು ಬರೀ ಕಾಗದದ ಕೆಲಸ ಅನ್ನಬೇಡಿ. ಅಮೆರಿಕ ಸರ್ಕಾರದ ಹಣದಲ್ಲಿ ನಡೆದ ದೊಡ್ಡ ಹೃದ್ರೋಗ ಪ್ರಯೋಗಗಳನ್ನು ಇಬ್ಬರು ಸಂಶೋಧಕರು ಜೋಡಿಸಿ ನೋಡಿದರು. 2000ಕ್ಕಿಂತ ಮೊದಲು ಪ್ರಕಟವಾದ 30ರಲ್ಲಿ 17 ‘ಗುಣ ಕಂಡಿದೆ’ ಎಂದಿದ್ದವು. ಮೊದಲೇ ನೋಂದಾಯಿಸುವ ಪದ್ಧತಿ ಬಂದ ನಂತರದ 25ರಲ್ಲಿ ಹಾಗೆಂದದ್ದು ಎರಡೇ ಎರಡು. ಬೇರೆ ಕಾರಣಗಳೂ ಇರಬಹುದು, ಆದರೂ ಇಳಿಕೆ ನೋಡಿ!

ಅಂದಹಾಗೆ, ಚಾಕೊಲೇಟ್ ಸುದ್ದಿ ಬರೆದ ಪತ್ರಕರ್ತರಲ್ಲಿ ಎಷ್ಟು ಜನರ ಮೇಲೆ ಪ್ರಯೋಗ ಮಾಡಿದಿರಿ ಅಂತ ಹೆಚ್ಚುಕಮ್ಮಿ ಯಾರೂ ಕೇಳಲೇ ಇಲ್ಲವಂತೆ.