ಒಂದು ಹನಿ, ಇನ್ನೂರು ಹನಿ: ಪ್ಯಾಚ್ ಬೆಳೆದ ಬಗೆ

ಸಕಲೇಶಪುರದ ನಮ್ಮ ಮನೆಯ ತಗಡಿನ ಸೂರಿನ ಮೇಲೆ ಬೀಳುವ ಮಳೆಯ ಸದ್ದನ್ನು ಕಂಪ್ಯೂಟರಿನಲ್ಲಿ ಹುಟ್ಟಿಸಬೇಕೆಂದು ಹೊರಟೆ. ಪ್ಯೂರ್ ಡೇಟಾ ಎಂಬ ಉಚಿತ ತಂತ್ರಾಂಶದಲ್ಲಿ ಸಾಲು ಸಾಲು ಕೋಡ್ ಬರೆಯುವ ಗೋಜಿಲ್ಲ; ಪೆಟ್ಟಿಗೆಗಳನ್ನಿಟ್ಟು ನಡುವೆ ಗೆರೆ ಎಳೆದರೆ ಸದ್ದು ಹೊರಡುತ್ತದೆ. ಹೀಗೆ ಜೋಡಿಸಿದ್ದಕ್ಕೆ 'ಪ್ಯಾಚ್' ಎನ್ನುತ್ತಾರೆ. ಒಂದು ಹನಿಗೆ ಆರು ಪೆಟ್ಟಿಗೆ ಸಾಕಾಯಿತು. ಅವನ್ನೇ ನಕಲು ಮಾಡುತ್ತಾ ಇಪ್ಪತ್ತನೆಯ ಹನಿಗೆ ಬಂದಾಗ, ಸದ್ದು ತುಸು ಮಂಕೆನಿಸಿತು. ತಿದ್ದಬೇಕಾದದ್ದು ಇಪ್ಪತ್ತು ಕಡೆ.

ಈ ತಲೆನೋವು ಪೆಟ್ಟಿಗೆ–ಗೆರೆಗಳಿಗಿಂತಲೂ ಹಳೆಯದು. 1957ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಂಪ್ಯೂಟರಿನಿಂದ ಸಂಗೀತ ಹೊರಡಿಸಿದ ಮ್ಯಾಕ್ಸ್ ಮ್ಯಾಥ್ಯೂಸ್, ಕೆಲವೇ ವರ್ಷಗಳಲ್ಲಿ 'ಯೂನಿಟ್ ಜನರೇಟರ್' ಎಂಬ ಉಪಾಯ ಕಂಡುಕೊಂಡರು: ಸ್ವರ ಹುಟ್ಟಿಸುವ ತುಣುಕನ್ನು ಒಮ್ಮೆ ಬರೆದಿಟ್ಟು ಬೇಕಾದಷ್ಟು ಸಲ ಜೋಡಿಸಿಕೊಳ್ಳುವುದು. 1960ರ ದಶಕದಲ್ಲಿ ಮೂಗ್, ಬುಕ್ಲಾ ಎಂಬ ಸಿಂಥಸೈಜರ್‌ಗಳಲ್ಲಿ, ಅಂದರೆ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ವಾದ್ಯಗಳಲ್ಲಿ, ಪೆಟ್ಟಿಗೆಗಳೂ ವೈರುಗಳೂ ನಿಜವಾದವೇ. 'ಪ್ಯಾಚ್' ಎಂಬ ಮಾತು ಆ ವೈರುಗಳಿಂದಲೇ ಬಂದದ್ದು. ಅಲ್ಲಿ ಸ್ವರ ಹುಟ್ಟಿಸುವ ಪೆಟ್ಟಿಗೆ, ಅಂದರೆ ಆಸಿಲೇಟರ್, ಇನ್ನೊಂದು ಬೇಕಾದರೆ ಮತ್ತೆ ದುಡ್ಡು ಕೊಡಬೇಕಿತ್ತು, ಅಷ್ಟೇ.

1988ರಲ್ಲಿ ಪ್ಯಾರಿಸ್ಸಿನ ಇರ್ಕಾಂ ಎಂಬ ಸಂಗೀತ ಸಂಶೋಧನಾ ಸಂಸ್ಥೆಯಲ್ಲಿ ಮಿಲ್ಲರ್ ಪಕೆಟ್ ಈ ವೈರುಗಳನ್ನು ಮ್ಯಾಕಿಂಟಾಷ್ ಕಂಪ್ಯೂಟರಿನ ಪರದೆಗೆ ತಂದರು. ಆ ತಂತ್ರಾಂಶಕ್ಕೆ ಮ್ಯಾಥ್ಯೂಸ್ ಅವರ ಗೌರವಾರ್ಥ 'ಮ್ಯಾಕ್ಸ್' ಎಂದು ಹೆಸರಾಯಿತು. ಮುಂದೆ ಪ್ಯೂರ್ ಡೇಟಾ ಬರೆದವರೂ ಪಕೆಟ್ ಅವರೇ.

ತಮಾಷೆಯೆಂದರೆ, ಟೈಪ್ ಮಾಡುವ ಶ್ರಮ ತಪ್ಪಿಸಲು ಬಂದ ಚಿತ್ರಗಳು, ಮೌಸ್ ಎಳೆದೆಳೆದು, ಮಣಿಕಟ್ಟಿಗೆ ನೋವು ತಂದವು. ಕೀಲಿಮಣೆ ಹಿಂಬಾಗಿಲಿನಿಂದ ಮರಳಿತು. ಪ್ಯೂರ್ ಡೇಟಾದಲ್ಲಿ ಕಂಟ್ರೋಲ್ ಒತ್ತಿ 1 ಎಂದರೆ ಹೊಸ ಪೆಟ್ಟಿಗೆ, 2 ಎಂದರೆ ಸಂದೇಶ, 3 ಎಂದರೆ ಅಂಕಿ, ಡಿ ಎಂದರೆ ನಕಲು. ಈಗಿನ ಮ್ಯಾಕ್ಸ್‌ನಲ್ಲಿ ಎನ್ ಅಕ್ಷರವೊಂದೇ ಸಾಕು, ಹೊಸ ಪೆಟ್ಟಿಗೆ ಸಿದ್ಧ.

ಆದರೆ ವೇಗವಾಗಿ ನಕಲು ಮಾಡುವುದು ಮದ್ದಲ್ಲ, ರೋಗವನ್ನೇ ಬೇಗ ಹರಡುವ ದಾರಿ. ನಿಜವಾದ ಮದ್ದಿಗೆ 'ಅಬ್ಸ್ಟ್ರಾಕ್ಷನ್' ಎನ್ನುತ್ತಾರೆ. ಆರು ಪೆಟ್ಟಿಗೆಗಳನ್ನು 'ಹನಿ' ಎಂಬ ಪ್ರತ್ಯೇಕ ಫೈಲಾಗಿ ಉಳಿಸಿದರೆ, ಆ ಹೆಸರೇ ಒಂದು ಪೆಟ್ಟಿಗೆಯಾಗುತ್ತದೆ. ನಮ್ಮ ಮನೆಯ ಸಾರಿನ ಪುಡಿಯಂತೆ: ಒಮ್ಮೆ ಹುರಿದು ಪುಡಿ ಮಾಡಿಟ್ಟರೆ ತಿಂಗಳಿಡೀ ಸಾರು, ಮೆಂತ್ಯ ಹೆಚ್ಚಾದರೆ ತಿಂಗಳಿಡೀ ಕಹಿ. ಫೈಲನ್ನು ತಿದ್ದಿ ಉಳಿಸಿದೊಡನೆ ಎಲ್ಲ ಹನಿಗಳೂ ಬದಲಾಗುತ್ತವೆ, ಒಳಿತಿಗಾಗಲಿ ಕೆಡುಕಿಗಾಗಲಿ.

ಹೆಸರಿನ ಗೊಂದಲವೂ ಉಂಟು. ಗೆರೆ ಎಳೆಯದೆ, ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಹೆಸರು ಕೂಗಿ ಸಂದೇಶ ಕಳಿಸಬಹುದು. ಆದರೆ ಹಾಸನದ ಬಸ್ ನಿಲ್ದಾಣದಲ್ಲಿ 'ಮಂಜಣ್ಣ' ಎಂದು ಕೂಗಿದರೆ ನಾಲ್ವರು ತಿರುಗಿ ನೋಡುವಂತೆ, ಒಂದೇ ಹೆಸರಿನ ಪ್ರತಿಗಳೆಲ್ಲ ಓಗೊಡುತ್ತವೆ. ಅದಕ್ಕೇ ಹೆಸರಿನ ಮುಂದೆ ಡಾಲರ್ ಚಿಹ್ನೆ, ಸೊನ್ನೆ ಹಾಕುವುದು. ಪ್ರತಿಯೊಂದು ಪ್ರತಿಗೂ ಬೇರೆ ಅಂಕಿ ಸಿಗುತ್ತದೆ.

2016ರಲ್ಲಿ ಪ್ಯೂರ್ ಡೇಟಾಕ್ಕೆ, ಹೇಳಿದಷ್ಟು ಪ್ರತಿ ತೆಗೆದುಕೊಡುವ 'ಕ್ಲೋನ್' ಎಂಬ ಪೆಟ್ಟಿಗೆ ಸೇರಿತು. 'ಹನಿ'ಯನ್ನೂ ಇನ್ನೂರು ಎಂಬ ಅಂಕಿಯನ್ನೂ ಕೊಟ್ಟೆ, ಒಂದೇ ಪೆಟ್ಟಿಗೆಯಲ್ಲಿ ಇನ್ನೂರು ಹನಿ. ಪ್ರತಿ ಹನಿಗೂ ತನ್ನ ಕ್ರಮಸಂಖ್ಯೆ ಗೊತ್ತಿರುವುದರಿಂದ ಒಂದರಂತೆ ಇನ್ನೊಂದು ಕೇಳಿಸಬೇಕಿಲ್ಲ.

ಅದನ್ನು ಪೆನ್‌ಡ್ರೈವ್‌ನಲ್ಲಿಟ್ಟುಕೊಂಡು ಹಾಸನದ ಗೆಳೆಯನ ಮನೆಗೆ ಹೋದೆ. ತೆರೆದರೆ ಪೆಟ್ಟಿಗೆಯ ಸುತ್ತ ಚುಕ್ಕಿಗೆರೆ, ಕಿವಿಯಲ್ಲಿ ಮೌನ. ಮುಖ್ಯ ಪ್ಯಾಚ್ ತಂದಿದ್ದೆ, 'ಹನಿ' ಫೈಲು ಊರಲ್ಲೇ ಉಳಿದಿತ್ತು. ತಂಗಿಗೆ ಫೋನ್ ಮಾಡಿ ತರಿಸಿಕೊಂಡೆ. ಅದರ ತೂಕ ಒಂದೇ ಒಂದು ಕೆ.ಬಿ.