ಉದಕದ ನೆಂಟ ‘ರಿಡಂಡೆಂಟ್’

ಕೊಡಗಿನಲ್ಲಿ ಕಕ್ಕಡ ತಿಂಗಳ ಮಳೆ ಜೋರಾಗಿದ್ದಾಗ ಚಿಕ್ಕಪ್ಪನ ಮಗ ಬೆಂಗಳೂರಿನಿಂದ ಭಾಗಮಂಡಲದ ಮನೆಗೆ ಬಂದ. ಕೆಲಸ ಹೋಗಿತ್ತು. ಅವನ ಹುದ್ದೆ ‘ರಿಡಂಡೆಂಟ್’ ಆಗಿದೆ ಎಂದು ಕಂಪನಿಯವರು ಬರೆದಿದ್ದರು. ಒಲೆಯ ಮುಂದಿದ್ದ ಚಿಕ್ಕಮ್ಮ, “ಹಾಗಂದ್ರೆ ಏನು ಮಗ?” ಎಂದರು. “ನಾನು ಹೆಚ್ಚಾಗಿದ್ದೀನಂತೆ, ಬೇಡವಂತೆ” ಎಂದ. ಕೇಳಿ ಸಂಕಟವಾಯಿತು.

ಹೊರಗೆ ಕಾವೇರಿಯೂ ಕನ್ನಿಕೆಯೂ ತುಂಬಿ, ಸಂಗಮದ ಮೆಟ್ಟಿಲು ಮುಳುಗಿ, ನಾಪೋಕ್ಲು ರಸ್ತೆಯ ಮೇಲೆ ಕೆಂಪು ನೀರು ಹರಿಯುತ್ತಿತ್ತು. ಆ ಪದ ಹುಟ್ಟಿದ್ದೇ ಇಂಥ ನೀರಿನಲ್ಲಿ. ಲ್ಯಾಟಿನ್ನಿನಲ್ಲಿ ‘ಉಂಡ’ ಎಂದರೆ ಅಲೆ. ‘ರೆಡುಂಡಾರೆ’ ಎಂದರೆ ಉಕ್ಕಿ ದಡ ಮೀರುವುದು. ಇಂಗ್ಲಿಷಿಗೆ ಬಂದು ಸುಮಾರು 400 ವರ್ಷವಾಯಿತು. ಆಗ ಅದಕ್ಕೆ ಸಮೃದ್ಧ ಎಂಬ ಅರ್ಥವೂ ಇತ್ತು. ಕೆಲಸ ಕಳೆದುಕೊಂಡವರಿಗೆ ಬ್ರಿಟನ್ನಿನವರು ಅದನ್ನು ಅಂಟಿಸಿದ್ದು 20ನೇ ಶತಮಾನದಲ್ಲಿ. ‘ಅಬಂಡೆಂಟ್’ ಇದರ ಒಡಹುಟ್ಟು. ಸುತ್ತುವರಿ ಎನ್ನುವ ‘ಸರೌಂಡ್’ ಕೂಡ ಮೊದಲು ನೀರು ನುಗ್ಗಿ ಮುಳುಗಿಸುವುದನ್ನೇ ಹೇಳುತ್ತಿತ್ತು. ‘ರೌಂಡ್’ ಜೊತೆ ಉಚ್ಚಾರ ಹೊಂದಿದ್ದರಿಂದ ಅರ್ಥ ತಿರುಗಿತು. ನನಗೆ ಬಹಳ ಹಿಡಿಸಿದ ಸಂಗತಿ ಇನ್ನೊಂದಿದೆ. ಭಾಷಾವಿಜ್ಞಾನಿಗಳ ಪ್ರಕಾರ ‘ಉಂಡ’, ಇಂಗ್ಲಿಷಿನ ‘ವಾಟರ್’, ಸಂಸ್ಕೃತದ ‘ಉದಕ’ ಮೂರಕ್ಕೂ ಬೇರು ಒಂದೇ. ಸಂಸ್ಕೃತದಲ್ಲಿ ಒದ್ದೆಯಾಗುವುದಕ್ಕೆ ಇರುವ ಧಾತುವೇ ‘ಉಂದ್’.

ವಿಜ್ಞಾನದಲ್ಲಂತೂ ಈ ಹೆಚ್ಚುವರಿಗೆ ಮರ್ಯಾದೆ ಇದೆ. ಮಳೆಗಾಲದಲ್ಲಿ ನಮ್ಮ ಕಡೆ ಫೋನಿನ ಮಾತು ತುಂಡು ತುಂಡಾಗಿ ಕೇಳುತ್ತದೆ. ‘ಅವಳು ಬಂದಳು’ ಎನ್ನುವಾಗ ‘ಅವಳು’ ಕೇಳಿಸದಿದ್ದರೂ ‘ಬಂದಳು’ ಸಾಕು, ಹೆಣ್ಣೆಂದು, ಒಬ್ಬಳೆಂದು ತಿಳಿಯುತ್ತದೆ. ಕನ್ನಡ ಒಂದೇ ಸಂಗತಿಯನ್ನು ಎರಡು ಕಡೆ ಹೇಳಿಟ್ಟಿರುತ್ತದೆ. ಅಮೆರಿಕದ ಗಣಿತಜ್ಞ ಕ್ಲಾಡ್ ಶ್ಯಾನನ್ 1948ರಲ್ಲಿ ಇದನ್ನು ಲೆಕ್ಕಕ್ಕೆ ತಂದರು. ಸಾಮಾನ್ಯ ಇಂಗ್ಲಿಷ್ ಬರಹದಲ್ಲಿ ಸುಮಾರು ಅರ್ಧದಷ್ಟು ಹೀಗೆ ಹೆಚ್ಚುವರಿ ಎಂದು ಅಂದಾಜಿಸಿದರು. ಗದ್ದಲದ ನಡುವೆ ಸಂದೇಶವನ್ನು ಕಾಪಾಡುವುದು ಈ ಹೆಚ್ಚುವರಿಯೇ.

ನಮ್ಮ ಜೀವಕೋಶದಲ್ಲೂ ಇದೇ ಏರ್ಪಾಡು. ವಂಶವಾಹಿಯ ನಾಲ್ಕು ಅಕ್ಷರಗಳನ್ನು ಮೂರು ಮೂರಾಗಿ ಜೋಡಿಸಿದರೆ 64 ಪದಗಳಾಗುತ್ತವೆ. ಮೂರು ‘ನಿಲ್ಲಿಸು’ ಎನ್ನುತ್ತವೆ. ಉಳಿದ 61 ಪದಗಳು ಸೂಚಿಸುವ ಅಮೈನೋ ಆಮ್ಲಗಳು, ಅಂದರೆ ಪ್ರೋಟೀನ್ ಕಟ್ಟುವ ಇಟ್ಟಿಗೆಗಳು, 20 ಮಾತ್ರ. ಲ್ಯೂಸೀನ್ ಒಂದಕ್ಕೇ ಆರು ಪದ. ಸಿ, ಯು ಆದ ಮೇಲೆ ಮೂರನೆಯದು ಯು, ಸಿ, ಎ, ಜಿ ಯಾವುದಾದರೂ ಆಗಲಿ, ಬರುವುದು ಲ್ಯೂಸೀನೇ. ನಕಲು ಮಾಡುವಾಗ ಆ ಅಕ್ಷರ ತಪ್ಪಿದರೂ ಪ್ರೋಟೀನಿನಲ್ಲಿ ಲ್ಯೂಸೀನ್ ತನ್ನ ಜಾಗದಲ್ಲೇ ಇರುತ್ತದೆ.

ಇದನ್ನೆಲ್ಲ ಅವತ್ತು ರಾತ್ರಿ ತಮ್ಮನಿಗೆ ಹೇಳಿದೆ. “ಒಂದೇ ಪದ ಇರುವುದೂ ಉಂಟಾ ಅಣ್ಣ?” ಎಂದು ಕೇಳಿದ. ಉಂಟು. ಮೆಥಿಯೋನಿನ್ ಎಂಬ ಅಮೈನೋ ಆಮ್ಲಕ್ಕೆ ಇರುವುದು ಎ-ಯು-ಜಿ ಒಂದೇ. ಸಾಮಾನ್ಯವಾಗಿ ಪ್ರೋಟೀನ್ ಕಟ್ಟುವ ಕೆಲಸ ಶುರುವಾಗುವುದೂ ಅಲ್ಲಿಂದಲೇ. ಅದರ ಮೂರರಲ್ಲಿ ಯಾವ ಅಕ್ಷರ ಕೆಟ್ಟರೂ ಮೆಥಿಯೋನಿನ್ ಸಿಗುವುದಿಲ್ಲ.