ಮಗು ಮಂಡಿ ನೋವು ಅಂದರೆ ಸೊಂಟವನ್ನೂ ನೋಡಿಸಿ

ಹೋದ ಮಳೆಗಾಲದಲ್ಲಿ ಮುಂಬಯಿ ಹತ್ತಿರದ ಡೊಂಬಿವಲಿಯಿಂದ ಎಂಟು ವರ್ಷದ ಹುಡುಗನನ್ನು ಕರೆದುಕೊಂಡು ಬಂದರು. ಊರು ಕಾರ್ಕಳದ ಕಡೆ, ಅಪ್ಪನಿಗೆ ಹೋಟೆಲ್ ಕೆಲಸ. ಮೂರು ತಿಂಗಳಿಂದ ಮಂಡಿ ನೋವು, ಸಂಜೆ ಆಡಿ ಬಂದ ಮೇಲೆ ಕುಂಟುತ್ತಾನೆ ಅಂದರು. ಮಂಡಿಯ ಎಕ್ಸ್‌ರೇ ಎರಡು ಸಲ ಆಗಿತ್ತು, ಎಣ್ಣೆ ತಿಕ್ಕಿದ್ದೂ ಆಗಿತ್ತು. ಮಲಗಿಸಿ ತೊಡೆಯನ್ನು ಒಳಕ್ಕೆ ತಿರುಗಿಸಲು ನೋಡಿದೆ, ತಿರುಗಲೇ ಇಲ್ಲ. ತೊಂದರೆ ಇದ್ದದ್ದು ಸೊಂಟದ ಕೀಲಿನಲ್ಲಿ. ಅಲ್ಲಿನ ನೋವು ಮಕ್ಕಳಿಗೆ ಎಷ್ಟೋ ಸಲ ಮಂಡಿಯಲ್ಲೇ ಗೊತ್ತಾಗುತ್ತದೆ.

ಅವನಿಗಿದ್ದದ್ದು ಪರ್ಥೆಸ್ ಕಾಯಿಲೆ. ತೊಡೆ ಮೂಳೆಯ ಮೇಲ್ತುದಿಯ ಚೆಂಡಿಗೆ ರಕ್ತ ಸಾಲದೆ ಮೂಳೆ ಸಾಯುತ್ತದೆ, ಮುಂದಿನ ಕೆಲವು ವರ್ಷಗಳಲ್ಲಿ ಹೊಸದು ಬೆಳೆಯುತ್ತದೆ. ಗಂಡುಮಕ್ಕಳಲ್ಲಿ ಜಾಸ್ತಿ. ನಮ್ಮ ಉಡುಪಿ ಕಡೆಯ ಕರಾವಳಿಯಲ್ಲೂ ಜಾಸ್ತಿ, ಮಣಿಪಾಲದ ಡಾ. ಬೆಂಜಮಿನ್ ಜೋಸೆಫ್ ಮತ್ತು ಜೊತೆಯವರು 1980ರ ದಶಕದಲ್ಲೇ ಇದನ್ನು ಬರೆದಿದ್ದಾರೆ, ಅದಕ್ಕೇ ಮುಂಬಯಿಯ ನಮ್ಮವರು ಈ ಹೆಸರು ನೆನಪಿಟ್ಟುಕೊಳ್ಳಲಿ ಅನ್ನೋದು ನನ್ನ ಆಸೆ.

ಆಪರೇಷನ್ ಬೇಕು, ತೊಡೆ ಮೂಳೆ ಕತ್ತರಿಸಬೇಕು ಅಂದೆ. 'ನೋವು ಸೊಂಟದ್ದಾದ್ರೆ ತೊಡೆ ಮೂಳೆ ಯಾಕೆ ಕತ್ತರಿಸ್ತೀರಿ ಡಾಕ್ಟ್ರೇ?' ಅಂತ ಅಪ್ಪ ಕೇಳಿದರು. ಸರಿಯಾದ ಪ್ರಶ್ನೆ ಅಲ್ವಾ? ಮೆತ್ತಗಾದ ಚೆಂಡು, ಸೊಂಟದಲ್ಲಿ ಅದು ಕೂರುವ ಬಟ್ಟಲಿನಿಂದ ಹೊರಕ್ಕೆ ಜಾರಿದರೆ ಅಂಚು ಒತ್ತಿ ಚಪ್ಪಟೆಯಾಗುತ್ತದೆ. ಪೂರ್ತಿ ಒಳಗಿದ್ದರೆ ಬಟ್ಟಲೇ ಅದಕ್ಕೆ ಅಚ್ಚು. ಹಿಟ್ಟು ಇಡ್ಲಿ ತಟ್ಟೆಯ ಗುಳಿಯಲ್ಲಿದ್ದರೆ ತಾನೇ ದುಂಡಗೆ ಬರೋದು ಅಂದೆ, ಅವರಿಗೆ ತಕ್ಷಣ ಅರ್ಥವಾಯಿತು. ನಾವು ಕೀಲನ್ನು ಬಿಚ್ಚೋದಿಲ್ಲ. ಅದರ ಸ್ವಲ್ಪ ಕೆಳಗೆ ಮೂಳೆ ಕತ್ತರಿಸಿ, ಸುಮಾರು 20 ಡಿಗ್ರಿ ಬಾಗಿಸಿ, ಪ್ಲೇಟು ಸ್ಕ್ರೂ ಹಾಕಿ ಕೂಡಿಸುತ್ತೇವೆ, ಆಗ ಚೆಂಡು ಬಟ್ಟಲಿನೊಳಗೆ ಸರಿಯಾಗಿ ಕೂರುತ್ತದೆ. ಹುಟ್ಟಿನಿಂದ ಸೊಂಟ ಜಾರಿದ ಮಕ್ಕಳಿಗೆ, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ಕೆಡುವುದು) ಇರುವವರಿಗೂ ಇಂಥದ್ದೇ ಆಪರೇಷನ್ ಮಾಡುವುದುಂಟು, ಅಲ್ಲಿ ತಿರುಚಿದ ಮೂಳೆಯನ್ನು ತಿರುಗಿಸಿಯೂ ಕೂಡಿಸಬೇಕಾಗುತ್ತದೆ.

ಎಲ್ಲರಿಗೂ ಇದು ಬೇಡ. ಐದು ವರ್ಷದ ಎಷ್ಟೋ ಮಕ್ಕಳಿಗೆ ಆಗಾಗ ಎಕ್ಸ್‌ರೇ ತೆಗೆದು ಕಾದರೆ ಸಾಕು. ಆದರೆ ಬೇಕಾದವರಿಗೆ ಚೆಂಡು ಚಪ್ಪಟೆಯಾಗುವ ಮೊದಲೇ ಆಗಬೇಕು, ಆಮೇಲೆ ಮಾಡಿದರೆ ಲಾಭ ಕಡಿಮೆ. ಮೂರು ತಿಂಗಳು ಮಂಡಿಯ ಹಿಂದೆ ಓಡಾಡಿದ್ದು ನನಗೆ ಹೊಟ್ಟೆ ಉರಿಸುವುದು ಇದಕ್ಕೇ.

ಕಷ್ಟವನ್ನೂ ಮೊದಲೇ ಹೇಳುತ್ತೇನೆ. ಕಾಲು ಒಂದೆರಡು ಸೆಂಟಿಮೀಟರ್ ಗಿಡ್ಡ ಆಗಬಹುದು, ಕೆಲವು ತಿಂಗಳು ಕುಂಟು ಇರುತ್ತದೆ, ಚಿಕ್ಕ ಮಕ್ಕಳಲ್ಲಿ ಬೆಳೆಯುತ್ತಾ ಬಹಳಷ್ಟು ಸರಿಹೋಗುತ್ತದೆ. ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ, ಆ ಕಾಲೂರಿ ನಡೆಯುವಂತಿಲ್ಲ. ಲಿಫ್ಟ್ ಇಲ್ಲದ ಮೂರನೇ ಮಾಳಿಗೆ, ಲೋಕಲ್ ಟ್ರೈನಿನ ನೂಕುನುಗ್ಗಲು, ಇವನ್ನೆಲ್ಲ ಆಪರೇಷನ್ನಿಗೆ ಮುಂಚೆಯೇ ಕೂತು ಮಾತಾಡಿ. ಆ ಹುಡುಗನನ್ನು ಅವನ ಮಾವ ಬೆನ್ನ ಮೇಲೆ ಹೊತ್ತು ಇಳಿಸುತ್ತಿದ್ದರು. ಈಗ ವಾಕರ್ ಬಿಟ್ಟಿದ್ದಾನೆ. ಪ್ಲೇಟು ಬರುವ ದೀಪಾವಳಿ ರಜೆಯಲ್ಲಿ ತೆಗೆಯುತ್ತೇವೆ.